2012ರ ಸ್ವಿಫ್ಟ್ ಶೋ ಕಾರು: ಎರಡು 12 ಇಂಚಿನ ಸಬ್, 2000 ವಾಟ್ ಆಂಪ್. ಬೇಸ್ ಹೊಡೆದಾಗ ಆಂಪ್ ಯಾಕ ಬಂದ್ ಆಗ್ತದ?

ಕೆಎ32_ಬೇಸ್ (ಕಲಬುರಗಿ)

ನಮಸ್ಕಾರ್ರಿ ಎಲ್ಲರಿಗೂ. ಪೆಟ್ರೋಲ್ ಸ್ವಿಫ್ಟ್ ಒಂದು ಶೋ ಸಲುವಾಗಿ ತಯಾರಾಗ್ಲಿಕತ್ತದ. ಹಿಂದಿನ ಸೀಟ್ ಮಡಚಿ ಡಿಕ್ಕಿ ಪೂರಾ ಆಡಿಯೋಕ್ಕೇ ಬಿಟ್ಟದ. ಈಗ ಇರೋ ಸಾಮಾನು: ಎರಡು 12 ಇಂಚಿನ ಸಬ್‌ವೂಫರ್ (ಸಬ್, ಬರೇ ಬೇಸ್ ಸಲುವಾಗಿನ ಸ್ಪೀಕರ್), ಒಂದೊಂದೂ ಡ್ಯುಯಲ್ 2 ಓಮ್ (ಒಳಗ 2 ಓಮ್‌ನ ಎರಡು ಕಾಯಿಲ್), 1000 ವಾಟ್ ಆರ್‌ಎಂಎಸ್ (ಸತತ ತಡೆಯೋ ಪವರ್). ಆಂಪ್ (ಆಂಪ್ಲಿಫೈಯರ್) ಕ್ಲಾಸ್-ಡಿ ಮೊನೊ (ಕರೆಂಟು ಕಡಿಮಿ ಹಾಳು ಮಾಡೋ, ಒಂದೇ ಚಾನೆಲ್ಲಿಂದು), 1 ಓಮ್‌ಗೆ 2000 ವಾಟ್, 2 ಓಮ್‌ಗೆ 1200. ಬ್ಯಾಟರಿಯಿಂದ ಹಿಂದಕ್ಕ 5 ಮೀಟರ್ 4 ಗೇಜ್ ವೈರ್. ಆಲ್ಟರ್ನೇಟರ್, ಬ್ಯಾಟರಿ ಎರಡೂ ಕಂಪನಿದೇ. ಆಂಪನ್ನ ಬಾಕ್ಸಿನ ಮ್ಯಾಲೇ ಸ್ಕ್ರೂ ಹೊಡೆದು ಕೂಡಿಸ್ಯಾರ.

ತೊಂದರೆ ಮೂರು. ಬೇಸ್ ಬಿದ್ದಾಗೊಮ್ಮೆ ಹೆಡ್‌ಲೈಟ್ ಮಂದ ಆಗ್ತದ. ಮಧ್ಯಾಹ್ನ ಜೋರು ಹಚ್ಚಿದ್ರ ಹತ್ತು ನಿಮಿಷದಾಗ ಆಂಪಿನ ಪ್ರೊಟೆಕ್ಟ್ ಲೈಟ್ ಬಂದು ಅದು ತಾನೇ ಬಂದ್ ಆಗ್ತದ. ಹಿಂದಿನ ಬಾಗಿಲು, ನಂಬರ್ ಪ್ಲೇಟ್ ಗಡಗಡ ಅಂತಾವ. ಅಂಗಡಿಯವರು 1 ಫ್ಯಾರಡ್ ಕೆಪ್ಯಾಸಿಟರ್ (ಕರೆಂಟು ಕೂಡಿಟ್ಟು ಒಮ್ಮೆಲೆ ಕೊಡೋ ಸಾಮಾನು) ಹಾಕಿದ್ರ ಎಲ್ಲಾ ಸರಿ ಆಗ್ತದ ಅಂತಾರ. ಹಾಕ್ಲೇನ್ರಿ? ಬಾಕ್ಸ್ ಹೊಸದು ಮಾಡ್ಸೋದದ, ಅಳತೀನೂ ಹೇಳ್ರಿ.

ತಾಮ್ರದ_ತಂತಿ (ಕಲಬುರಗಿ)

ಕೆಪ್ಯಾಸಿಟರ್ ಬ್ಯಾಡ್ರಿ. ಲೆಕ್ಕ ನೋಡ್ರಿ: 1 ಫ್ಯಾರಡ್‌ನಾಗ ವೋಲ್ಟೇಜ್ 14.4ರಿಂದ 12.4ಕ್ಕ ಇಳಿಯೋದ್ರೊಳಗ ಸಿಗೋದು 2 ಆಂಪಿಯರ್-ಸೆಕೆಂಡ್. ನಿಮ್ಮ ಆಂಪ್ 2000 ವಾಟ್ ಕೊಡಬೇಕಾದ್ರ, ಶೇ 80 ದಕ್ಷತೆ ಹಿಡಿದ್ರ, 13.8 ವೋಲ್ಟಿಗೆ ಸುಮಾರು 180 ಆಂಪಿಯರ್ ಎಳೀತದ. 2 ಭಾಗಿಸು 180 ಅಂದ್ರ 11 ಮಿಲಿಸೆಕೆಂಡ್. 40 ಹರ್ಟ್ಜ್‌ನ ಒಂದೇ ಒಂದು ಸೈಕಲ್ 25 ಮಿಲಿಸೆಕೆಂಡ್ ಇರ್ತದ. ಅರ್ಧ ಸೈಕಲ್ಲಿಗೂ ಅದು ಸಾಲಂಗಿಲ್ಲ. ಆ ರೊಕ್ಕ ವೈರಿಗೆ ಹಾಕ್ರಿ.

ಮೊದಲ ಮಲ್ಟಿಮೀಟರ್ ಹಿಡೀರಿ, ಮೂರು ಅಳತಿ ಬೇಕು. ಒಂದು, ಜೋರು ಬೇಸ್ ಇರುವಾಗ ಬ್ಯಾಟರಿ ಮ್ಯಾಲಿನ ವೋಲ್ಟೇಜ್. ಎರಡು, ಅದೇ ಹೊತ್ತಿನಾಗ ಆಂಪಿನ ಪವರ್ ಟರ್ಮಿನಲ್ ಮ್ಯಾಲಿನದು. ಮೂರು, ಆಂಪಿನಿಂದ ಸ್ಪೀಕರ್ ವೈರ್ ಬಿಚ್ಚಿ ಆ ವೈರಿನ ಓಮ್. ಓಮ್ ನೋಡೋ ಮುಂಚೆ ಮೀಟರಿನ ಎರಡೂ ಕಡ್ಡಿ ಒಂದಕ್ಕೊಂದು ಹಚ್ಚಿ ಎಷ್ಟು ತೋರಿಸ್ತದ ಬರಕೊಳ್ರಿ. ಸಾದಾ ಮೀಟರಿನಾಗ 0.2, 0.3 ಬರ್ತದ, ಅದನ್ನ ಕಳೀಲೇಬೇಕು.

ಹಂಗೇ ವೈರಿನ ತುದಿ ಚಾಕುವಿನಿಂದ ಕೆರೆದು ನೋಡ್ರಿ. ಕೆಂಪು ಕೆರೆದ ಮ್ಯಾಲ ಒಳಗ ಬೆಳ್ಳಗ ಕಂಡ್ರ ಅದು ತಾಮ್ರ ಅಲ್ಲ, ತಾಮ್ರದ ಲೇಪ ಇರೋ ಅಲ್ಯೂಮಿನಿಯಂ.

ಕೆಎ32_ಬೇಸ್

ನೋಡಿದ್ವಿರಿ. ಬ್ಯಾಟರಿ ಮ್ಯಾಲ 12.8, ಆಂಪಿನ ಮ್ಯಾಲ 11.2. ಓಮ್ 0.7 ತೋರಿಸ್ತು, ಕಡ್ಡಿಗಳದೇ 0.3. ವೈರ್ ಕೆರೆದ್ರ ಒಳಗ ಬೆಳ್ಳಗ ಅದ.

ತಾಮ್ರದ_ತಂತಿ

ಹಂಗಾದ್ರ ಖರೇ ಕಾರಣ ಸಿಕ್ತು. 12.8ರಾಗ 11.2 ಕಳೆದ್ರ 1.6 ವೋಲ್ಟ್, ಅಷ್ಟು ನಿಮ್ಮ ವೈರ್, ಅರ್ಥಿಂಗಿನಾಗೇ ಹೋಗ್ತದ. ಇನ್ನ ಓಮ್: 0.7ರಾಗ 0.3 ಕಳೆದ್ರ 0.4. ಕಾಯಿಲ್‌ನ ಡಿಸಿ ರೆಸಿಸ್ಟೆನ್ಸ್ ಅದರ ಹೆಸರಿನ ಓಮ್‌ಗಿಂತ ತುಸು ಕಡಿಮೀನೇ ಇರ್ತದ, ಅಂದ್ರ ಇದು ಅರ್ಧ ಓಮ್ ಲೋಡ್. ನಾಲ್ಕೂ 2 ಓಮ್ ಕಾಯಿಲ್ ಪ್ಯಾರಲಲ್ ಜೋಡಿಸ್ಯಾರ. 1 ಓಮ್ ತಡೆಯೋ ಆಂಪಿಗೆ ಅರ್ಧ ಓಮ್ ಕೊಟ್ರ ಅದು ಕಾದು ಬಂದ್ ಆಗೋದೇ. ಬಿಸಿಲು ಆಮ್ಯಾಲಿನ ಮಾತು.

ನಿಮ್ಮ ಎರಡೂ ಸಬ್ ಕೂಡಿ 1 ಓಮ್ ಬರೋದೇ ಇಲ್ಲ, 0.5, 2 ಇಲ್ಲಾ 8. ಪ್ರತಿ ಸಬ್ಬಿನ ಎರಡು ಕಾಯಿಲ್ ಸೀರೀಸ್ ಮಾಡಿದ್ರ 4 ಓಮ್, ಆಮ್ಯಾಲ ಎರಡೂ ಸಬ್ ಪ್ಯಾರಲಲ್ ಮಾಡಿದ್ರ 2 ಓಮ್. ಹಿಂಗೇ ಜೋಡಿಸ್ರಿ. 2000ದ ಬದಲಿ 1200 ವಾಟ್ ಆಯ್ತಲ್ಲ ಅಂತ ಮರುಗಬ್ಯಾಡ್ರಿ. ಡೆಸಿಬೆಲ್‌ನಾಗ ಆ ಫರಕು 2.2 ಅಷ್ಟೇ, ಒಳ್ಳೆ ಬಾಕ್ಸ್ ಅದಕ್ಕಿಂತ ಹೆಚ್ಚು ಕೊಡ್ತದ. ಎಳೆಯೋ ಕರೆಂಟು 180ರಿಂದ 110ರ ಆಸುಪಾಸು ಇಳೀತದ. ಹಾಡು ಬಾರಿಸುವಾಗ ಸರಾಸರಿ ಅದರ ಮೂರನೇ ಒಂದು ಭಾಗ ಹಿಡಿದ್ರ ಕಂಪನಿ ಆಲ್ಟರ್ನೇಟರೇ ನಡೆಸ್ತದ. ಆದ್ರ ಐಡಲ್‌ನಾಗ ಅದು ಅರ್ಧಕ್ಕರ್ಧ ಮಾತ್ರ ಕೊಡ್ತದ. ಡೆಮೊ ಕೊಡುವಾಗ ಎಸಿ ಬಂದ್, ಎಂಜಿನ್ 1500 ಆರ್‌ಪಿಎಂ ಮ್ಯಾಲ ಇರ್ಲಿ.

ವೈರ್: 50 ಚದರ ಮಿಲಿಮೀಟರ್‌ನ ಪೂರಾ ತಾಮ್ರದ ವೆಲ್ಡಿಂಗ್ ಕೇಬಲ್ ತರ್ರಿ. 5 ಮೀಟರಿಗೆ 110 ಆಂಪಿಯರ್ ಹರಿದ್ರ 0.2 ವೋಲ್ಟಿನಷ್ಟೇ ಬೀಳ್ತದ. ಲಗ್‌ಗಳನ್ನ (ಕೇಬಲ್ ತುದಿಗೆ ಹಚ್ಚೋ ಲೋಹದ ಉಂಗುರ) ಸುತ್ತಿಗೆಯಿಂದ ಬಡೀಬ್ಯಾಡ್ರಿ, ಹೈಡ್ರಾಲಿಕ್ ಕ್ರಿಂಪರ್ ಬೇಕು. ಎಲೆಕ್ಟ್ರಿಕಲ್ ಪ್ಯಾನೆಲ್ ಕೆಲಸ ಮಾಡೋರ ಹತ್ರ ಇರ್ತದ. ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗ 150 ಆಂಪಿಯರ್ ಎಎನ್‌ಎಲ್ (ಹೆಚ್ಚು ಕರೆಂಟಿನ) ಫ್ಯೂಸ್. ಆ ಫ್ಯೂಸ್ ಇರೋದು ಆಂಪ್ ಉಳಿಸ್ಲಿಕ್ಕಲ್ಲ, ಕೇಬಲ್ ಎಲ್ಲೆರೆ ಸವೆದು ಬಾಡಿಗೆ ತಾಗಿದ್ರ ಕಾರು ಸುಡಬಾರದು ಅಂತ. ಫೈರ್‌ವಾಲ್ (ಎಂಜಿನ್ ಮತ್ತ ಕಾರಿನ ಒಳಗಿನ ನಡುವಿನ ತಗಡು) ತೂತಿನಾಗ ರಬ್ಬರ್ ಗ್ರಾಮೆಟ್ ಇಲ್ಲದ ಕೇಬಲ್ ದಾಟಿಸಬ್ಯಾಡ್ರಿ.

ಅರ್ಥಿಂಗಿಗೂ ಅಷ್ಟೇ ದಪ್ಪದ ಕೇಬಲ್. ಬಣ್ಣ ಕೆರೆದು ಬರೇ ಕಬ್ಬಿಣ ಕಾಣಬೇಕು, 8 ಎಂಎಂ ಬೋಲ್ಟ್, ಸ್ಟಾರ್ ವಾಷರ್, ಮ್ಯಾಲ ಗ್ರೀಸ್. ಸೀಟ್ ಬೆಲ್ಟ್ ಬೋಲ್ಟಿಗೆ ಮಾತ್ರ ಕೈ ಹಚ್ಚಬ್ಯಾಡ್ರಿ. ಮುಂದುಗಡೆ ಆಲ್ಟರ್ನೇಟರ್–ಬ್ಯಾಟರಿ ಪ್ಲಸ್, ಬ್ಯಾಟರಿ ಮೈನಸ್–ಬಾಡಿ, ಎಂಜಿನ್–ಬಾಡಿ, ಈ ಮೂರಕ್ಕೂ ಅದೇ ಕೇಬಲ್ಲಿನ ತುಂಡು ಹೆಚ್ಚಿಗಿ ಹಾಕ್ರಿ. ಹೆಡ್‌ಲೈಟ್ ಮಂದ ಆಗೋದು ಇಲ್ಲೇ ಬಹಳಷ್ಟು ಕಡಿಮಿ ಆಗ್ತದ.

ಎರಡನೇ ಬ್ಯಾಟರಿ ಬೇಕೇ ಬೇಕಂದ್ರ ಎಜಿಎಂ (ಸೀಲ್ ಮಾಡಿದ, ನೀರು ಹಾಕದ ಬ್ಯಾಟರಿ) ಮಾತ್ರ, ಎರಡೂ ತುದಿಗೆ ಫ್ಯೂಸ್. ನೀರು ಹಾಕೋ ಬ್ಯಾಟರಿ ಡಿಕ್ಕಿಯೊಳಗ ಇಡಲೇಬಾರದು, ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡ್ತದ.

ಬೀದರ್_ಬಡಿಗೇರ್ (ಬೀದರ್)

ಬಾಕ್ಸಿನ ಅಳತೆ ನಾನು ಕೊಡುತ್ತೇನೆ. ನಿಮ್ಮ ಸಬ್ಬಿನ ಕಾಗದದಲ್ಲಿ ಕಂಪನಿಯವರು ಹೇಳಿದ ಲೀಟರ್ ಬೇರೆ ಇದ್ದರೆ ಅದನ್ನೇ ಹಿಡಿಯಿರಿ. ಸಾಮಾನ್ಯ 12 ಇಂಚಿಗೆ ಪೋರ್ಟೆಡ್ ಬಾಕ್ಸಿನಲ್ಲಿ (ಗಾಳಿ ಹೋಗಿಬರುವ ಕೊಳವೆ, ಅಂದರೆ ಪೋರ್ಟ್ ಇರುವುದು) ತಲಾ 2 ಘನ ಅಡಿ ಚೆನ್ನಾಗಿ ಕೂಡುತ್ತದೆ. ಎರಡಕ್ಕೆ ನಿವ್ವಳ 113 ಲೀಟರ್.

34 ಹರ್ಟ್ಜ್‌ಗೆ (ಪೋರ್ಟ್ ಹೆಚ್ಚು ಮೊಳಗುವ ಸ್ವರ) ಟ್ಯೂನ್ ಮಾಡಲು 10.2 x 35.5 ಸೆಂ.ಮೀ. ಬಾಯಿಯ ಸ್ಲಾಟ್ ಪೋರ್ಟ್, ಉದ್ದ 67.5 ಸೆಂ.ಮೀ. ಬಾಕ್ಸಿನ ಆಳಕ್ಕಿಂತ ಇದು ಉದ್ದ, ಹಾಗಾಗಿ ಹಿಂದಿನ ಗೋಡೆಯ ಹತ್ತಿರ ಎಲ್ ಆಕಾರದಲ್ಲಿ ತಿರುಗಬೇಕು. ತಿರುವಿನಲ್ಲಿ ಉದ್ದವನ್ನು ಪೋರ್ಟಿನ ನಡುಗೆರೆಯಲ್ಲಿ ಅಳೆಯಿರಿ. ಒಳಗೋಡೆ ಹಿಡಿದು ಅಳೆದರೆ ಪೋರ್ಟ್ ಉದ್ದವಾಗಿ ಟ್ಯೂನಿಂಗ್ ಕೆಳಗಿಳಿಯುತ್ತದೆ. ಪೋರ್ಟಿನ ಗಾಳಿ 24 ಲೀಟರ್, ಅದರ ಗೋಡೆ 4, ಎರಡು ಸಬ್ಬಿನ ಹಿಂಭಾಗ 8, ಒಳಗಿನ ಆಧಾರದ ಪಟ್ಟಿ 2–3 ಲೀಟರ್. ನಿವ್ವಳ 113ಕ್ಕೆ ಇವೆಲ್ಲ ಕೂಡಿಸಿದರೆ ಒಟ್ಟು 152 ಲೀಟರ್. ಒಳ ಅಳತೆ ಅಗಲ 88, ಎತ್ತರ 35.5, ಆಳ 48.7 ಸೆಂ.ಮೀ. ಬಹಳ ಬಡಗಿಗಳು ಈ ಪೋರ್ಟಿನ ಜಾಗ ಕಳೆಯದೆ ಬಾಕ್ಸ್ ಕಟ್ಟುತ್ತಾರೆ, ಆಮೇಲೆ ಬೇಸ್ ಬರೀ ಒಂದೇ ಸ್ವರದಲ್ಲಿ ಗುಂಯ್ ಎನ್ನುತ್ತದೆ. ಕತ್ತರಿಸುವ ಮೊದಲು ವೀಲ್ ಆರ್ಚ್‌ಗಳ ನಡುವಿನ ಅಗಲವನ್ನು ನಿಮ್ಮ ಗಾಡಿಯಲ್ಲೇ ಅಳೆದುಕೊಳ್ಳಿ.

ಹಲಗೆ 18 ಎಂಎಂ ಮರೈನ್ ಪ್ಲೈ, 8x4ರ ಒಂದೂವರೆ ಹಾಳೆ ಬೇಕಾಗುತ್ತದೆ. ಸಬ್ ಕೂಡುವ ಮುಂಭಾಗಕ್ಕೆ ಎರಡು ಪದರ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಧ್ವನಿಗೆ ಒಳ್ಳೆಯದೇ, ಆದರೆ ಒಮ್ಮೆ ನೀರು ಕುಡಿದರೆ ಅಂಚು ಊದಿ ಸ್ಕ್ರೂ ಸಡಿಲಾಗುತ್ತದೆ. ಮರದ ಅಂಟು ಮತ್ತು 10–12 ಸೆಂ.ಮೀ.ಗೊಂದು ಸ್ಕ್ರೂ, ಒಳಗಿನ ಮೂಲೆಗಳಿಗೆಲ್ಲ ಮತ್ತೆ ಅಂಟು. ಅಂಟು ಒಣಗಲು ಒಂದು ದಿನ ಬಿಡಿ. ಕೈಯಿಂದ ಸಬ್ಬನ್ನು ಮೆಲ್ಲಗೆ ಒತ್ತಿದಾಗ ಪೋರ್ಟ್ ಬಿಟ್ಟು ಬೇರೆಲ್ಲೂ ಗಾಳಿ ಬರಬಾರದು. ಬಾಕ್ಸನ್ನು ನೆಲಕ್ಕೆ ಬ್ರಾಕೆಟ್ ಹಾಕಿ ಬಿಗಿಯಿರಿ. ಜೋರಾಗಿ ಬ್ರೇಕ್ ಹಾಕಿದಾಗ ಇಷ್ಟು ಭಾರ ಮುಂದಿನ ಸೀಟಿನವರ ಬೆನ್ನಿಗೆ ಬರುತ್ತದೆ.

ಆಂಪಿನಲ್ಲಿ ಸಬ್‌ಸಾನಿಕ್ ಫಿಲ್ಟರ್ (ಅದಕ್ಕಿಂತ ಕೆಳಗಿನ ಸ್ವರ ತಡೆಯುವುದು) 28 ಹರ್ಟ್ಜ್‌ಗೆ, ಲೋ-ಪಾಸ್ (ಅದಕ್ಕಿಂತ ಮೇಲಿನದನ್ನು ತಡೆಯುವುದು) 80ಕ್ಕೆ. ಪೋರ್ಟಿನ ಟ್ಯೂನಿಂಗ್‌ಗಿಂತ ಕೆಳಗೆ ಕೋನಿಗೆ ಗಾಳಿಯ ತಡೆಯೇ ಇರುವುದಿಲ್ಲ, ಅಲ್ಲೇ ಸಬ್ ಹರಿಯುವುದು. ಡೊಳ್ಳು, ಹಲಗೆಯ ಹಾಡುಗಳೇ ಹೆಚ್ಚು ಎಂದಾದರೆ 38ಕ್ಕೆ ಟ್ಯೂನ್ ಮಾಡಿದರೂ ನಡೆಯುತ್ತದೆ. ಆಗ ಪೋರ್ಟ್ ಸುಮಾರು 51 ಸೆಂ.ಮೀ. ಸಾಕು, ಉಳಿದ ಜಾಗಕ್ಕೆ ತಕ್ಕಂತೆ ಬಾಕ್ಸಿನ ಆಳ 2 ಸೆಂ.ಮೀ. ಇಳಿಸಿ.

ಕೆಎ32_ಬೇಸ್

ಭಾಳ ಛೊಲೊ ಆತ್ರಿ. ಇನ್ನೊಂದು, ಡಿಕ್ಕಿಯ ಒಳಗ ಬಿದರಿ ಕಲಿ ಥೀಮ್ ಮಾಡೋ ವಿಚಾರ ಅದ, ಕರೀ ಹಿನ್ನೆಲಿ ಮ್ಯಾಲ ಬೆಳ್ಳಿ ಬಳ್ಳಿ. ಖರೇ ಬಿದರಿ ತಗಡೇ ಕೂಡಿಸಬಹುದೇನ್ರಿ?

ಬೀದರ್_ಬಡಿಗೇರ್

ಬಿದರಿ ಸತುವಿನ ಎರಕ, ತೂಕ ಹೆಚ್ಚು. ಬಾಕ್ಸಿನ ಮೇಲೆ ಕೂಡಿಸಿದರೆ ನಡುಗಿ ಸದ್ದು ಮಾಡುತ್ತದೆ. ಎರಡು ಸಬ್ಬಿನ ನಡುವೆ ಅಂಗೈ ಅಗಲದ ಒಂದೇ ಖರೇ ಬಿದರಿ ಫಲಕ ಇಡಿ, ಹಿಂದೆ 3 ಎಂಎಂ ರಬ್ಬರ್ ಹಾಳೆ ಇರಲಿ. ಉಳಿದದ್ದು ಕರೀ ಮ್ಯಾಟ್ ಆಕ್ರಿಲಿಕ್ ಮೇಲೆ ಬೆಳ್ಳಿ ವಿನೈಲ್ ಕತ್ತರಿಸಿ ಮಾಡಿಸಿ. ವಿನ್ಯಾಸವನ್ನು ಬೀದರಿನ ಕುಶಲಕರ್ಮಿಗಳ ಕೈಯಲ್ಲೇ ಬರೆಸಿ, ದುಡ್ಡು ಕೊಟ್ಟು. ನೆಟ್‌ನಿಂದ ಇಳಿಸಿದ ಬಳ್ಳಿಗೂ ಅವರು ಬರೆದ ಬಳ್ಳಿಗೂ ಇರುವ ವ್ಯತ್ಯಾಸ ದೂರದಿಂದಲೇ ಕಾಣುತ್ತದೆ.

ಯಾದಗಿರಿ_33 (ಯಾದಗಿರಿ)

ಬಿಸಿಲಿನ ಮಾತು ಯಾರೂ ಪೂರಾ ಹೇಳ್ಲಿಲ್ಲ. ನಮ್ಮ ಕಡೆ ಏಪ್ರಿಲ್, ಮೇದಾಗ ಹೊರಗೇ 42 ಡಿಗ್ರಿ ಇದ್ರ ಬಂದ್ ಮಾಡಿದ ಡಿಕ್ಕಿಯೊಳಗ ಅದಕ್ಕಿಂತ ಎಷ್ಟೋ ಹೆಚ್ಚು. ಆಂಪನ್ನ ಬಾಕ್ಸಿನಿಂದ ತೆಗೀರಿ, ಅಲ್ಲಿ ನಡುಗಿ ನಡುಗಿ ಒಳಗಿನ ಬೆಸುಗೆ ಬಿಡ್ತದ. ಬ್ಯಾರೆ ಹಲಗಿ ಮ್ಯಾಲ, ಫಿನ್‌ಗಳು (ಶಾಖ ಬಿಡೋ ಲೋಹದ ಪಟ್ಟಿ) ನೆಟ್ಟಗ ನಿಲ್ಲೋ ಹಂಗ ಕೂಡಿಸ್ರಿ. ಆಕ್ರಿಲಿಕ್ ಮುಚ್ಚಳ ಹಾಕಿದ್ರ 80 ಎಂಎಂನ ಎರಡು ಫ್ಯಾನ್ ಬೇಕು, ಒಂದು ಗಾಳಿ ಒಳಗ ತಳ್ಳಾಕ, ಒಂದು ಹೊರಗ ಎಳೀಲಾಕ. ಕರೀ ಮಣ್ಣಿನ ಧೂಳ ಫಿನ್‌ನಾಗ ಕೂಡ್ತದ, ಒಳಗ ಬರೋ ಫ್ಯಾನಿಗೆ ಜಾಳಿಗಿ ಹಚ್ರಿ.

ಗಡಗಡಕ್ಕ ಡಾಂಬರಿನ ಶೀಟ್ ಬ್ಯಾಡ, ಬಿಸಿಲಿಗೆ ಕರಗಿ ಜಾರ್ತದ, ವಾಸನಿ ಹೋಗಂಗಿಲ್ಲ. 2 ಎಂಎಂ ಬ್ಯೂಟೈಲ್ (ಅಂಟೋ ರಬ್ಬರ್) ಶೀಟ್ ತರ್ರಿ. ತಗಡನ್ನ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ರೋಲರ್‌ನಿಂದ ಮ್ಯಾಲಿನ ಉಬ್ಬು ಚಪ್ಪಟಿ ಆಗೋ ತನಕ ಒತ್ರಿ. ಪ್ರತಿ ತಗಡಿನ ನಡುಭಾಗದಾಗ ಕಾಲು ಭಾಗ ಮುಚ್ಚಿದ್ರ ಸಾಕು. ನಂಬರ್ ಪ್ಲೇಟ್ ಹಿಂದ ಫೋಮ್ ಟೇಪ್. ಆಮ್ಯಾಲ 20ರಿಂದ 80 ಹರ್ಟ್ಜ್ ಟೋನ್ ನಿಧಾನಕ್ಕ ಏರಿಸ್ತಾ ಒಬ್ರು ಹೊರಗ ನಿಂತು ಒಂದೊಂದೇ ಜಾಗ ಕೈಯಿಂದ ಒತ್ತಿ ನೋಡ್ರಿ. ಒತ್ತಿದಾಗ ಎಲ್ಲಿ ಸದ್ದು ನಿಂತಿತೋ ಅಲ್ಲೇ ಕೆಲಸ ಅದ.

ಕಾನೂನೂ ನೋಡ್ಕೊಳ್ರಿ. ಹೊರಗಿನ ಬಣ್ಣ ಬದಲಿಸಿದ್ರ ಆರ್‌ಸಿಯೊಳಗ ಬರೆಸಲೇಬೇಕು. ಬಾಡಿ ಕತ್ತರಿಸೋ ಕೆಲಸಕ್ಕ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರ್ತದ. ವಸತಿ ಪ್ರದೇಶದಾಗ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಆಸ್ಪತ್ರೆ, ಸಾಲಿ, ಕೋರ್ಟಿನ ಸುತ್ತ 100 ಮೀಟರ್ ಜಾಗಾನ ಸರ್ಕಾರ ಮೌನ ವಲಯ ಅಂತ ಘೋಷಿಸಿರಬಹುದು. ಡೆಮೊ ಮೈದಾನದಾಗೇ ಇರ್ಲಿ, ಒಳಗ ಕೂಡೋರು ಕಿವಿಗೆ ಪ್ಲಗ್ ಹಾಕ್ರಿ.

ತಾಮ್ರದ_ತಂತಿ

ಕಡೀಗೆ ಗೇನ್ (ಸ್ಟೀರಿಯೋ ಸಿಗ್ನಲ್ಲನ್ನ ಆಂಪ್ ಎಷ್ಟು ಹೆಚ್ಚಿಸಬೇಕು ಅನ್ನೋ ತಿರುಗಣಿ). ಸ್ಪೀಕರ್ ವೈರ್ ಬಿಚ್ರಿ, ಬೇಸ್ ಬೂಸ್ಟ್, ಈಕ್ವಲೈಸರ್ ಎಲ್ಲಾ ಸೊನ್ನಿ. ಸ್ಟೀರಿಯೋ ವಾಲ್ಯೂಮ್ ಮುಕ್ಕಾಲು ಭಾಗಕ್ಕ ಇಟ್ಟು 40 ಹರ್ಟ್ಜ್, 0 ಡೆಸಿಬೆಲ್ ಟೋನ್ ಹಚ್ರಿ. ಮೀಟರ್ ಎಸಿ ವೋಲ್ಟಿಗೆ ಇಟ್ಟು ಆಂಪಿನ ಔಟ್‌ಪುಟ್ ನೋಡ್ತಾ ಗೇನ್ ಏರಿಸ್ರಿ. 1200 ವಾಟ್, 2 ಓಮ್‌ಗೆ 49 ವೋಲ್ಟ್ ಬರ್ತದ. ಮೊದಲಿಗೆ 42ರಾಗ ನಿಲ್ಲಿಸ್ರಿ. ಅರ್ಧ ತಾಸು ಬಾರಿಸಿದ ಮ್ಯಾಲ ಸಬ್ಬಿನ ನಡುವಿನ ಡಸ್ಟ್ ಕ್ಯಾಪ್ ಮುಟ್ಟಿ ನೋಡ್ರಿ. ಬೆಚ್ಚಗ ಇದ್ರ ಏರಿಸಬಹುದು. ಸುಟ್ಟ ವಾಸನಿ ಬಂದ್ರ ಅಲ್ಲೇ ಇಳಿಸಿ, ಆಂಪಿನ ಪವರ್ ಟರ್ಮಿನಲ್ ಮ್ಯಾಲಿನ ವೋಲ್ಟೇಜ್ ಮತ್ತ ಅಳೀರಿ. 12.5ಕ್ಕಿಂತ ಕೆಳಗ ಬಿದ್ರ ಗೇನ್ ಮುಟ್ಟಬ್ಯಾಡ್ರಿ, ಅರ್ಥಿಂಗ್ ಬೋಲ್ಟ್ ಬಿಚ್ಚಿ ನೋಡ್ರಿ.