ವಿಂಡೋಸ್, ಉಬುಂಟು ಎರಡರಲ್ಲೂ ಒಂದೇ ಡಾಕ್ಯುಮೆಂಟ್ಸ್ ಫೋಲ್ಡರ್ ಬಳಸುವುದು ಹೇಗೆ?

ಪ್ರಶ್ನೆ:
ನನ್ನ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 11 ಜೊತೆ ಉಬುಂಟು 24.04 ಹಾಕಿದ್ದೇನೆ. ಬರಹ, ಫೋಟೋ, ಹಾಡು ಎಲ್ಲಾ ಡಿ ಡ್ರೈವ್‌ನಲ್ಲಿವೆ. ಉಬುಂಟುವಿನಲ್ಲಿ ಡ್ರೈವ್ ಕಾಣಿಸುತ್ತದೆ, ಫೈಲ್ ಕೂಡ ತೆರೆಯುತ್ತದೆ, ಆದರೆ ಎರಡು ಸಾಲು ತಿದ್ದಿ ಸೇವ್ ಮಾಡಲು ಹೋದರೆ ರೀಡ್ ಓನ್ಲಿ ಅಂತ ಬರುತ್ತದೆ. ಇನ್ನೊಂದು ವಿಷಯ, ವಿಂಡೋಸ್‌ನ ಯೂಸರ್ ಫೋಲ್ಡರನ್ನೇ ಪೂರ್ತಿಯಾಗಿ ಉಬುಂಟುವಿನ ಹೋಮ್ (ಬಳಕೆದಾರರ ಸ್ವಂತ ಫೋಲ್ಡರ್) ಮಾಡಿಬಿಟ್ಟರೆ ಹೇಗೆ?

ಉತ್ತರ 1:
ಹೆಚ್ಚಾಗಿ ಇದು ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಕೆಲಸ. ಅದು ಆನ್ ಇದ್ದರೆ ಶಟ್‌ಡೌನ್ ಕೊಟ್ಟರೂ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಅರ್ಧ ಹೈಬರ್ನೇಟ್ ಆಗಿರುತ್ತದೆ, ಅಂದರೆ ತನ್ನ ಸ್ಥಿತಿಯನ್ನು ಡಿಸ್ಕ್‌ನಲ್ಲಿ ಉಳಿಸಿಕೊಂಡು ಮಲಗಿರುತ್ತದೆ. ಡ್ರೈವ್ ಇನ್ನೂ ಬಳಕೆಯಲ್ಲಿದೆ ಎಂದು ಗುರುತು ಉಳಿದಿರುವುದರಿಂದ ಲಿನಕ್ಸ್ (ಉಬುಂಟು ಅದರದೇ ಒಂದು ರೂಪ) ಅದರಲ್ಲಿ ಬರೆಯಲು ಒಪ್ಪುವುದಿಲ್ಲ. ಒಪ್ಪದಿರುವುದೇ ಒಳ್ಳೆಯದು, ಇಲ್ಲದಿದ್ದರೆ ಫೈಲ್‌ಗಳೇ ಕೆಡಬಹುದು. ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್‌ಗೆ ಹೋಗಿ, ಪವರ್ ಬಟನ್ ಏನು ಮಾಡಬೇಕು ಎನ್ನುವ ಜಾಗದಲ್ಲಿ ಫಾಸ್ಟ್ ಸ್ಟಾರ್ಟಪ್‌ನ ಟಿಕ್ ತೆಗೆಯಿರಿ. ದಯವಿಟ್ಟು ಬಲವಂತವಾಗಿ ಮೌಂಟ್ ಮಾಡುವ (ಡ್ರೈವನ್ನು ಸಿಸ್ಟಮ್‌ಗೆ ಜೋಡಿಸುವ) ಕಮಾಂಡ್‌ಗಳ ಕಡೆ ಹೋಗಬೇಡಿ.

ಉತ್ತರ 2:
ಹೋಮ್ ಪೂರ್ತಿ ಹಂಚಿಕೊಳ್ಳುವುದು ಬೇಡ. ಅದರಲ್ಲಿ ಚುಕ್ಕಿಯಿಂದ ಶುರುವಾಗುವ ಅಡಗಿದ ಫೋಲ್ಡರ್‌ಗಳಿರುತ್ತವೆ, ಪ್ರೋಗ್ರಾಮ್‌ಗಳ ಸೆಟ್ಟಿಂಗ್ ಎಲ್ಲಾ ಅಲ್ಲೇ. ಅವುಗಳಿಗೆ ಲಿನಕ್ಸ್‌ನ ಪರ್ಮಿಷನ್ (ಯಾರು ಓದಬಹುದು, ಬರೆಯಬಹುದು ಎಂಬ ನಿಯಮ) ಬೇಕು, ಎನ್‌ಟಿಎಫ್‌ಎಸ್ (ವಿಂಡೋಸ್ ಬಳಸುವ ಫೈಲ್ ವ್ಯವಸ್ಥೆ) ಡ್ರೈವನ್ನು ಮಾಮೂಲಿಯಾಗಿ ಮೌಂಟ್ ಮಾಡಿದಾಗ ಅದು ಸಿಗುವುದಿಲ್ಲ. ಎಸ್‌ಎಸ್‌ಎಚ್ ಕೀ (ಬೇರೆ ಕಂಪ್ಯೂಟರ್‌ಗೆ ಸುರಕ್ಷಿತವಾಗಿ ಲಾಗಿನ್ ಆಗಲು ಬೇಕಾದ ಗುಪ್ತ ಫೈಲ್) ಅಲ್ಲಿಟ್ಟರೆ, ಯಾರು ಬೇಕಾದರೂ ಓದುವಂತಿದೆ ಅಂತ ಎಸ್‌ಎಸ್‌ಎಚ್ ಅದನ್ನು ಬಳಸುವುದೇ ಇಲ್ಲ. ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಮ್ಯೂಸಿಕ್ ಇಷ್ಟನ್ನೇ ಹಂಚಿಕೊಳ್ಳಿ, ಸಾಕು.

ಉಬುಂಟುವಿನ ಡಿಸ್ಕ್ಸ್ ಆ್ಯಪ್‌ನಲ್ಲಿ ಡಿ ಡ್ರೈವನ್ನು ಆರಿಸಿ, ಎಡಿಟ್ ಮೌಂಟ್ ಆಪ್ಷನ್ಸ್‌ನಲ್ಲಿ ಸಿಸ್ಟಮ್ ಶುರುವಾದಾಗಲೇ ಮೌಂಟ್ ಆಗುವಂತೆ ಮಾಡಿ. ನೋಫೇಲ್ ಎಂಬ ಆಪ್ಷನ್ ಇರಲಿ, ಡ್ರೈವ್ ಸಿಗದಿದ್ದರೂ ಬೂಟ್ ನಿಲ್ಲುವುದಿಲ್ಲ. ಆಮೇಲೆ ಹೋಮ್‌ನಲ್ಲಿರುವ ಡಾಕ್ಯುಮೆಂಟ್ಸ್ ಖಾಲಿ ಇದ್ದರೆ ತೆಗೆದು, ಅದೇ ಹೆಸರಿನಲ್ಲಿ ಡಿ ಡ್ರೈವ್ ಫೋಲ್ಡರ್‌ಗೆ ಸಿಂಬಾಲಿಕ್ ಲಿಂಕ್ (ಶಾರ್ಟ್‌ಕಟ್ ಥರ ಅಲ್ಲಿಗೆ ಕರೆದೊಯ್ಯುವ ಕೊಂಡಿ) ಹಾಕಿ. ವಿಂಡೋಸ್‌ನಲ್ಲಿ ಇನ್ನೂ ಸುಲಭ: ಡಾಕ್ಯುಮೆಂಟ್ಸ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಲೊಕೇಷನ್, ಅಲ್ಲಿ ಡಿ ಡ್ರೈವ್ ಫೋಲ್ಡರ್ ಆರಿಸಿ.

ಪ್ರಶ್ನೆ ಕೇಳಿದವರು:
ಟಿಕ್ ತೆಗೆದ ಮೇಲೆ ಸೇವ್ ಆಗುತ್ತಿದೆ, ತುಂಬಾ ಥ್ಯಾಂಕ್ಸ್! ಎನ್‌ಟಿಎಫ್‌ಎಸ್ ಬಿಟ್ಟು ಡ್ರೈವನ್ನು ಎಕ್ಸ್‌ಫ್ಯಾಟ್ (ಇನ್ನೊಂದು ಫೈಲ್ ವ್ಯವಸ್ಥೆ) ಮಾಡಿದರೆ ಇನ್ನೂ ಒಳ್ಳೆಯದಾ? ನನ್ನ ಫೈಲ್ ಹೆಸರುಗಳೆಲ್ಲಾ ಕನ್ನಡದಲ್ಲಿವೆ, ತೊಂದರೆ ಇಲ್ಲ ಅಲ್ವಾ?

ಉತ್ತರ 3:
ಎಕ್ಸ್‌ಫ್ಯಾಟ್ ಬೇಡ. ಅದರಲ್ಲಿ ಜರ್ನಲ್ (ಮಾಡುವ ಬದಲಾವಣೆಗಳ ದಾಖಲೆ) ಇಲ್ಲ, ಬರೆಯುವಾಗ ಮಧ್ಯದಲ್ಲಿ ಪವರ್ ಹೋದರೆ ಡ್ರೈವ್ ಕೆಡುವ ಸಾಧ್ಯತೆ ಜಾಸ್ತಿ. ಎನ್‌ಟಿಎಫ್‌ಎಸ್ ಓದಿ ಬರೆಯುವ ಹೊಸ ಡ್ರೈವರ್ 5.15ನೇ ಆವೃತ್ತಿಯಿಂದ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಇದೆ, ಅದಕ್ಕೂ ಮೊದಲಿನ ಎನ್‌ಟಿಎಫ್‌ಎಸ್-3ಜಿ ಕೂಡ ಚೆನ್ನಾಗಿದೆ.

ಕನ್ನಡ ಹೆಸರು ಎರಡು ಕಡೆಯೂ ಸರಿಯಾಗಿ ಕಾಣುತ್ತದೆ. ಉದ್ದ ಮಾತ್ರ ನೋಡಿಕೊಳ್ಳಿ. ಎನ್‌ಟಿಎಫ್‌ಎಸ್‌ನಲ್ಲಿ ಹೆಸರು 255 ಅಕ್ಷರದವರೆಗೆ ಇರಬಹುದು, ಉಬುಂಟುವಿನ ಫೈಲ್ ವ್ಯವಸ್ಥೆಯಾದ ಎಕ್ಸ್‌ಟಿ4ನಲ್ಲಿ ಮಿತಿ 255 ಬೈಟ್. ಕನ್ನಡದ ಒಂದೊಂದು ಅಕ್ಷರಕ್ಕೂ 3 ಬೈಟ್ ಬೇಕು, ಅಂದರೆ 85ಕ್ಕೇ ಮುಗಿಯಿತು, ಅದರಲ್ಲೂ ಒತ್ತು, ಗುಣಿತದ ಚಿಹ್ನೆಗಳನ್ನು ಬೇರೆ ಬೇರೆಯಾಗಿಯೇ ಲೆಕ್ಕ ಹಾಕುತ್ತದೆ. ಲೇಖನದ ಪೂರ್ತಿ ಶೀರ್ಷಿಕೆಯನ್ನೇ ಹೆಸರಾಗಿ ಇಟ್ಟ ಫೈಲನ್ನು ಹೋಮ್‌ಗೆ ಕಾಪಿ ಮಾಡುವಾಗ ಇದು ಅಡ್ಡ ಬರುತ್ತದೆ. ಹಾಗೇ ಉಬುಂಟುವಿನಲ್ಲಿ ಹೆಸರಿಡುವಾಗ ಪ್ರಶ್ನಾರ್ಥಕ ಚಿಹ್ನೆ, ಕೋಲನ್ ಹಾಕಬೇಡಿ, ವಿಂಡೋಸ್‌ನಲ್ಲಿ ಆ ಫೈಲ್ ತೆರೆಯುವುದಿಲ್ಲ.