ಸಹಾಯ ಬೇಕು: ಹಲ್ಲು ಕೀಳಿಸಲು ಮಂಪರು ಕೊಡುವ ದಿನ ತಾಯಿಯ ಇನ್ಸುಲಿನ್ ಹೇಗೆ?

ಎಲ್ಲರಿಗೂ ನಮಸ್ಕಾರ. 66 ವರ್ಷದ ನನ್ನ ತಾಯಿಗೆ 18 ವರ್ಷಗಳಿಂದ ಸಕ್ಕರೆ ಕಾಯಿಲೆಯಿದ್ದು, ಬೆಳಿಗ್ಗೆ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಮಾತ್ರೆಗಳನ್ನೂ ರಾತ್ರಿ 16 ಯೂನಿಟ್ ಗ್ಲಾರ್ಜಿನ್ (ಸುಮಾರು ಒಂದು ದಿನ ನಿಧಾನವಾಗಿ ಕೆಲಸ ಮಾಡುವ) ಇನ್ಸುಲಿನ್ನನ್ನೂ ತೆಗೆದುಕೊಳ್ಳುತ್ತಾರೆ. ಬರುವ ಗುರುವಾರ ಬೆಳಿಗ್ಗೆ 11 ಗಂಟೆಗೆ ರಕ್ತನಾಳದ ಮೂಲಕ ಮಂಪರು ಔಷಧ ಕೊಟ್ಟು ಅವರ ನಾಲ್ಕು ದವಡೆ ಹಲ್ಲುಗಳನ್ನು ಕೀಳಲಿದ್ದಾರೆ. ಅದಕ್ಕೆ 6 ಗಂಟೆ ಮೊದಲಿನಿಂದ ಏನೂ ತಿನ್ನಬಾರದು, 2 ಗಂಟೆ ಮೊದಲಿನವರೆಗೆ ನೀರು ಮಾತ್ರ ಕುಡಿಯಬಹುದು ಎಂದಿದ್ದಾರೆ.

ಕಳೆದ ತಿಂಗಳು ಸ್ಕ್ಯಾನಿಂಗ್‌ಗೆಂದು ಹಸಿದಿದ್ದಾಗ ಅವರ ಮೇಲ್ತುಟಿಯ ಮೇಲೆ ಬೆವರು ಹನಿಗಟ್ಟಿತ್ತು. ಮಾತಿಲ್ಲದೆ ಸೆರಗಿನ ಅಂಚನ್ನು ಮಡಚುತ್ತ ಬಿಚ್ಚುತ್ತ ಕುಳಿತಿದ್ದರು. ಗ್ಲುಕೋಮೀಟರ್‌ನಲ್ಲಿ ನೋಡಿದರೆ ಸಕ್ಕರೆ 58ಕ್ಕೆ ಇಳಿದಿತ್ತು. ಎಚ್ಚರವಾಗಿದ್ದುದರಿಂದ ನಮಗೆ ತಿಳಿಯಿತು. ಮಂಪರಿನಲ್ಲಿರುವಾಗ ತೂಕಡಿಕೆ, ತೊದಲು ಎಲ್ಲವೂ ಔಷಧದ ಪರಿಣಾಮವೆಂದೇ ತೋರುವುದರಿಂದ, ಸಕ್ಕರೆ ಇಳಿದದ್ದು ಯಾರ ಗಮನಕ್ಕೂ ಬಾರದೆ ಹೋಗಬಹುದೆಂಬುದೇ ನನ್ನ ಭಯ.

ದಂತವೈದ್ಯರು ಶುಗರ್ ಡಾಕ್ಟರನ್ನು ಕೇಳಿ ಎಂದರು. ಆ ಡಾಕ್ಟರು ಊರಲ್ಲಿಲ್ಲ. ಅವರ ಬದಲಿಗಿದ್ದವರು ಅಂದಿನ ಬೆಳಗಿನ ಮಾತ್ರೆಗಳನ್ನು ಬಿಡಿ ಎಂದಷ್ಟೇ ತಿಳಿಸಿ, ಇನ್ಸುಲಿನ್ ಬಗ್ಗೆ ಏನೂ ಹೇಳಲಿಲ್ಲ. ಹಸಿದಿರುವ ಹೊತ್ತು ಕಡಿಮೆಯಾಗಲೆಂದು, ಹಲ್ಲು ಕೀಳಲು ಬೆಳಿಗ್ಗೆ 8 ಗಂಟೆಗೇ ಸಮಯ ಕೊಡಿ ಎಂದು ದಂತವೈದ್ಯರನ್ನು ಕೇಳಿಕೊಂಡರೂ ಸಿಗಲಿಲ್ಲ. ಇನ್ಸುಲಿನ್ ಪೂರ್ತಿ ನಿಲ್ಲಿಸಿದರೆ ಸಕ್ಕರೆ ಏರಿ ಗಾಯ ಮಾಯುವುದು ತಡವಾದೀತು, ಪೂರ್ತಿ ಕೊಟ್ಟರೆ ಹಸಿವಿನಲ್ಲಿ ಮತ್ತೆ ಇಳಿದೀತು.

ಆದ್ದರಿಂದ ಅನುಭವವಿರುವ ವೈದ್ಯರು, ದಾದಿಯರು ದಯವಿಟ್ಟು ತಿಳಿಸಿ: ಹಿಂದಿನ ರಾತ್ರಿಯ ಗ್ಲಾರ್ಜಿನ್ ಪ್ರಮಾಣವನ್ನು ಸಾಮಾನ್ಯವಾಗಿ ಎಷ್ಟು ಕಡಿಮೆ ಮಾಡುತ್ತಾರೆ? ಮಂಪರಿನಲ್ಲಿರುವಾಗ ಎಷ್ಟು ಹೊತ್ತಿಗೊಮ್ಮೆ ಸಕ್ಕರೆ ಪರೀಕ್ಷಿಸುವಂತೆ ನಾನು ದಂತವೈದ್ಯರನ್ನು ಕೇಳಬೇಕು?