ಕ್ಲಾಸ್‌ರೂಮ್ ಗೋಡೆ ಮೇಲೆ ದಶಾಜ್ಞೆ: ಟೆಕ್ಸಸ್‌ನಲ್ಲಿರುವ ಅಪ್ಪ ಅಮ್ಮಂದಿರು ಏನು ಮಾಡ್ತಿದ್ದೀರಿ?

ತುಂಗಾತೀರ (ಸೆಪ್ಟೆಂಬರ್ 2025)

ನಮಸ್ಕಾರ. ನಾವು ಡಾಲಸ್ ಹತ್ತಿರ ಇದ್ದೇವೆ, ಬಂದು ಒಂಬತ್ತು ವರ್ಷವಾಯಿತು. ಮಗಳು ಸರ್ಕಾರಿ ಶಾಲೆಯಲ್ಲಿ ಮೂರನೇ ಗ್ರೇಡ್. ಒಂದು ವಾರದಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಟೆಕ್ಸಸ್‌ನ ಎಸ್‌ಬಿ 10 (ಸೆನೆಟ್ ಬಿಲ್ 10) ಕಾಯ್ದೆ ಈ ತಿಂಗಳ 1ರಿಂದ ಜಾರಿಗೆ ಬಂತು. ಸರ್ಕಾರಿ ಶಾಲೆಯ ಪ್ರತಿ ಕ್ಲಾಸ್‌ರೂಮಿನಲ್ಲೂ ದಶಾಜ್ಞೆಗಳ, ಅಂದರೆ ಬೈಬಲ್ಲಿನ ಹತ್ತು ಆಜ್ಞೆಗಳ, ಪೋಸ್ಟರ್ ಇರಬೇಕು. ಕನಿಷ್ಠ 16 ಇಂಚು ಅಗಲ, 20 ಇಂಚು ಎತ್ತರ. ಕೋಣೆಯ ಯಾವ ಮೂಲೆಯಲ್ಲಿ ಕೂತರೂ ಓದಲು ಬರಬೇಕು. ಯಾವ ಪದ ಇರಬೇಕು ಅನ್ನೋದನ್ನೂ ಕಾಯ್ದೆಯಲ್ಲೇ ಬರೆದಿದ್ದಾರೆ. 2023ರಲ್ಲಿ ಇಂಥದ್ದೇ ಮಸೂದೆ ಸೆನೆಟ್‌ನಲ್ಲಿ ಪಾಸಾಗಿ, ಕೆಳಮನೆಯಲ್ಲಿ ಸಮಯ ಮೀರಿ ಬಿದ್ದುಹೋಗಿತ್ತು. ಸದ್ಯ ಮುಗೀತು ಅಂದುಕೊಂಡು ನಾನು ಮರೆತುಬಿಟ್ಟೆ. ಅವರು ಮರೆಯಲಿಲ್ಲ. ಈ ವರ್ಷ ಮತ್ತೆ ತಂದರು, ಜೂನ್‌ನಲ್ಲಿ ಗವರ್ನರ್ ಅಬಾಟ್ ಸಹಿಯೂ ಆಯಿತು.

ಈ ಸಲ ಚೌತಿಗೆ ನನ್ನ ಮಗಳೇ ಮಣ್ಣಿನ ಗಣಪನನ್ನು ಮಾಡಿದ್ದಳು. ಸೊಂಡಿಲು ಎರಡು ಸಲ ಬಿತ್ತು. ನೀರು ಹಚ್ಚಿ ಹಚ್ಚಿ ಅಂಟಿಸಿ, ಕಣ್ಣಿಗೆ ಎರಡು ಮೆಣಸಿನ ಕಾಳು ಇಟ್ಟಳು. ಬಕೆಟ್ಟಿನಲ್ಲಿ ಬಿಡುವಾಗ ಅತ್ತಳು. ಎರಡು ವಾರ ಕಳೆದಿರಲಿಲ್ಲ, ಕ್ಲಾಸಿನಲ್ಲಿ ಪೋಸ್ಟರ್ ಬಂತು. ಅದರಲ್ಲಿ ಬೇರೆ ದೇವರು ಇರಬಾರದು, ಮೂರ್ತಿ ಮಾಡಿಕೊಳ್ಳಬಾರದು ಅಂತ ಇದೆ. ಹಳೇ ಕಾಲದ ಇಂಗ್ಲಿಷ್, ಅವಳಿಗೆ ಅರ್ಥವಾಗಿಲ್ಲ. ಪಕ್ಕದ ಹುಡುಗಿಯನ್ನು ಕೇಳಿದ್ದಾಳೆ. ಆ ಮಗು ತನಗೆ ಗೊತ್ತಿದ್ದಷ್ಟು ಹೇಳಿದೆ: 'ವಿಗ್ರಹಕ್ಕೆ ಪೂಜೆ ಮಾಡಿದರೆ ದೇವರಿಗೆ ಕೋಪ ಬರುತ್ತೆ.'

ಶನಿವಾರ ಅದೇ ಹುಡುಗಿ ನಮ್ಮ ಮನೆಗೆ ಆಡಲು ಬರುವವಳಿದ್ದಳು. ಬೆಳಿಗ್ಗೆ ನಾನು ದೀಪ ಹಚ್ಚುತ್ತಿದ್ದೆ. ಮಗಳು ಹಿಂದೆ ಬಂದು ನಿಂತು, 'ಅಮ್ಮಾ, ಅವಳು ಹೋಗೋ ತನಕ ದೇವರ ಗೂಡಿನ ಬಾಗಿಲು ಹಾಕಿರ್ತೀಯಾ?' ಅಂದಳು. ನಾನು ಏನೂ ಹೇಳಲಿಲ್ಲ. ಅವಳೇ ಮೆಲ್ಲಗೆ ಬಾಗಿಲು ಮುಚ್ಚಿದಳು. ಬೆಂಕಿ ಹತ್ತಬಾರದು ಅಂತ ದೀಪವನ್ನೂ ಆರಿಸಿದಳು.

ನನಗೆ ಆ ಹುಡುಗಿ ಮೇಲೆ ಸಿಟ್ಟಿಲ್ಲ. ಟೀಚರ್ ಮೇಲೂ ಇಲ್ಲ, ತುಂಬಾ ಒಳ್ಳೆಯ ಹೆಂಗಸು ಅವರು. ಸಿಟ್ಟು ಇರೋದು ಈ ಕಾಯ್ದೆ ಬರೆದವರ ಮೇಲೆ. ಏಪ್ರಿಲ್‌ನಲ್ಲಿ ನಮ್ಮ ಕ್ಷೇತ್ರದ ಶಾಸಕರಿಗೆ ಒಂದೇ ಪ್ರಶ್ನೆ ಬರೆದಿದ್ದೆ: ನಮ್ಮ ಮನೆಯಲ್ಲಿ ಮೂರ್ತಿಪೂಜೆ ಇದೆ, ಆ ಸಾಲನ್ನು ನನ್ನ ಮಗಳಿಗೆ ಶಾಲೆಯಲ್ಲಿ ಯಾರು ವಿವರಿಸುತ್ತಾರೆ? ಮೂರು ವಾರಕ್ಕೆ ಉತ್ತರ ಬಂತು. ಅಭಿಪ್ರಾಯ ತಿಳಿಸಿದ್ದಕ್ಕೆ ಧನ್ಯವಾದ ಅಂತ ಶುರುವಾಗಿ, ನೈತಿಕ ಮೌಲ್ಯಗಳ ಬಗ್ಗೆ ಎರಡು ಪ್ಯಾರಾ. ನನ್ನ ಪ್ರಶ್ನೆಗೆ ಒಂದಕ್ಷರ ಉತ್ತರವಿಲ್ಲ.

ಇದೇ ಅಧಿವೇಶನದಲ್ಲಿ ಇದೇ ಬಹುಮತದವರು ಎಸ್‌ಬಿ 12 ಪಾಸು ಮಾಡಿದರು. ಪೋಷಕರ ಹಕ್ಕಿನ ಕಾಯ್ದೆ ಅಂತ ಅದಕ್ಕೆ ಹೆಸರು. ಮಗು ಶಾಲೆಯಲ್ಲಿ ಒಂದು ಕ್ಲಬ್ ಸೇರಬೇಕಾದರೂ ಈಗ ನನ್ನ ಸಹಿ ಬೇಕು. ಚೆಸ್ ಆಡೋಕೆ ನನ್ನ ಒಪ್ಪಿಗೆ ಬೇಕಂತೆ, ಯಾವ ದೇವರನ್ನು ನಂಬಬೇಕು ಅಂತ ದಿನಕ್ಕೆ ಏಳು ಗಂಟೆ ಎದುರಿಗೆ ನೇತುಹಾಕೋಕೆ ಬೇಡವಂತೆ. ನನ್ನ ಮಗುವಿಗೆ ಇದು ಬೇಡ ಅನ್ನೋಕೆ ಕಾಯ್ದೆಯಲ್ಲಿ ಅವಕಾಶವೇ ಇಲ್ಲ.

ನಾನು ಏನು ಮಾಡಬಹುದು? ಟೀಚರ್ ಹತ್ತಿರ ಮಾತಾಡಲಾ, ಸ್ಕೂಲ್ ಬೋರ್ಡ್‌ಗೆ ಹೋಗಲಾ? ನಮ್ಮದಿನ್ನೂ ಗ್ರೀನ್ ಕಾರ್ಡ್ ಆಗಿಲ್ಲ, ವೋಟಿಲ್ಲ. 'ಹೆಸರು ಹೊರಗೆ ಬರೋದು ಬೇಡ, ಸುಮ್ನಿರು' ಅಂತಾರೆ ಯಜಮಾನರು.

ಕೆಂಡಸಂಪಿಗೆ

ನಿಮ್ಮ ಪತ್ರ ಓದಿ ಹೊಟ್ಟೆ ಉರಿಯಿತು ತಂಗಿ. ದೀಪ ಆರಿಸಿದ್ದು ಓದಿದ ಮೇಲೆ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ.

ನಾನು ಆಸ್ಟಿನ್‌ನಲ್ಲಿ 22 ವರ್ಷದಿಂದ ಇದ್ದೇನೆ. ಈ ವರ್ಷ ಒಂದು ಸಮಿತಿಯ ಮುಂದೆ ಬೇರೊಂದು ಮಸೂದೆ ವಿರುದ್ಧ ಮಾತಾಡಲು ಕ್ಯಾಪಿಟಲ್‌ಗೆ (ಶಾಸನಸಭೆಯ ಕಟ್ಟಡಕ್ಕೆ) ಹೋಗಿದ್ದೆ. ಬೆಳಿಗ್ಗೆ 8ಕ್ಕೆ ಹೆಸರು ಕೊಟ್ಟೆ, ಕರೆದಾಗ ರಾತ್ರಿ ಹತ್ತೂವರೆ. ಸಿಕ್ಕಿದ್ದು ಎರಡು ನಿಮಿಷ. ಎದುರಿಗಿದ್ದ ಕುರ್ಚಿಗಳಲ್ಲಿ ಅರ್ಧ ಖಾಲಿ. ಆದರೂ ಹೋಗಬಾರದಿತ್ತು ಅಂತ ನನಗೆ ಅನ್ನಿಸಿಲ್ಲ. ಹೇಳಿದ್ದು ದಾಖಲೆಯಲ್ಲಿ ಉಳಿಯಿತಲ್ಲ.

ಇಲ್ಲಿನ ಶಾಸನಸಭೆ ಎರಡು ವರ್ಷಕ್ಕೊಮ್ಮೆ ಸೇರೋದು. ಅದೂ 140 ದಿನ. ಮುಂದಿನದು 2027ರ ಜನವರಿಗೆ. ಅಲ್ಲಿಯವರೆಗೆ ನಿಮ್ಮ ಕೈಗೆ ಸಿಗೋದು ಸ್ಕೂಲ್ ಬೋರ್ಡ್ ಒಂದೇ. ಅಜೆಂಡಾದಲ್ಲಿರುವ ವಿಷಯದ ಬಗ್ಗೆ ಯಾರು ಬೇಕಾದರೂ ಮಾತಾಡಲು ಬಿಡಬೇಕು ಅಂತ 2019ರಿಂದ ಕಾನೂನಿದೆ. ವೋಟಿದೆಯಾ ಅಂತ ಕೇಳೋ ಹಾಗಿಲ್ಲ. ಮೊದಲು ಅಜೆಂಡಾ ನೋಡಿ. ಅದರಲ್ಲಿ ಪೋಸ್ಟರ್ ವಿಷಯ ಇಲ್ಲದಿದ್ದರೆ ಸೇರಿಸಿ ಅಂತ ಬೋರ್ಡ್ ಸದಸ್ಯರೊಬ್ಬರಿಗೆ ಬರೆಯಿರಿ.

ಯಜಮಾನರ ಭಯವನ್ನು ತಳ್ಳಿಹಾಕಬೇಡಿ. ಈಗಿನ ಕಾಲ ಹಾಗಿದೆ. ನಿಮ್ಮ ಇಮಿಗ್ರೇಷನ್ ವಕೀಲರನ್ನು ಒಂದು ಮಾತು ಕೇಳಿ. ಅವರು ಬೇಡ ಅಂದರೆ ಸಿಟಿಜನ್ ಆಗಿರುವ ಸ್ನೇಹಿತರ ಕೈಲಿ ಓದಿಸಿ.

ಬಯಲುದಾರಿ

ಕಾನೂನಿನ ಕಡೆಯಿಂದ ಸ್ವಲ್ಪ. ಇದು ಹೊಸ ಜಗಳ ಅಲ್ಲ. ಕೆಂಟಕಿ ರಾಜ್ಯ ಇಂಥದ್ದೇ ಕಾಯ್ದೆ ಮಾಡಿದಾಗ 1980ರಲ್ಲೇ ಸುಪ್ರೀಂ ಕೋರ್ಟ್ ರದ್ದು ಮಾಡಿತ್ತು. ಪೋಸ್ಟರಿಗೆ ದಾನಿಗಳ ದುಡ್ಡು, ಸರ್ಕಾರದ್ದಲ್ಲ ಅಂತ ಆಗಲೂ ವಾದ ಮಾಡಿದ್ದರು, ಕೋರ್ಟ್ ಒಪ್ಪಲಿಲ್ಲ. ಟೆಕ್ಸಸ್‌ನಲ್ಲೂ ಅದೇ ದಾರಿ: ಯಾರಾದರೂ ಪೋಸ್ಟರ್ ದಾನ ಕೊಟ್ಟರೆ ಶಾಲೆ ತೆಗೆದುಕೊಳ್ಳಲೇಬೇಕು.

ಹಾಗಾದರೆ ಈಗ ಯಾಕೆ ಧೈರ್ಯ ಬಂತು? 2022ರಲ್ಲಿ ವಾಷಿಂಗ್ಟನ್ ರಾಜ್ಯದ ಫುಟ್‌ಬಾಲ್ ಕೋಚ್ ಒಬ್ಬರು ಮೈದಾನದಲ್ಲಿ ಪ್ರಾರ್ಥನೆ ಮಾಡಿದ ಕೇಸಿನಲ್ಲಿ ಸುಪ್ರೀಂ ಕೋರ್ಟ್, ಸರ್ಕಾರ ಧರ್ಮದ ವಿಷಯದಲ್ಲಿ ಮಿತಿ ಮೀರಿದೆಯಾ ಅಂತ ನೋಡುವ ಹಳೆಯ ಅಳತೆಗೋಲನ್ನೇ ಕೈಬಿಟ್ಟಿತು. ಅದರಿಂದ 1980ರ ತೀರ್ಪೂ ಬಿದ್ದ ಹಾಗೆ ಅನ್ನೋದು ಈ ಕಾಯ್ದೆ ತಂದವರ ವಾದ. ಲೂಸಿಯಾನಾ 2024ರಲ್ಲಿ ಮೊದಲು ಶುರು ಮಾಡಿತು, ಆಮೇಲೆ ಅರ್ಕನ್ಸಾ, ಟೆಕ್ಸಸ್. ಕಾಯ್ದೆ ಮಾಡಿ ಕೋರ್ಟಿಗೆ ಹೋಗುವುದೇ ಅವರ ಉದ್ದೇಶ ಅಂತ ನನ್ನ ಅನಿಸಿಕೆ. ಮಕ್ಕಳು ನಡುವೆ ಸಿಕ್ಕಿಬಿದ್ದಿದ್ದಾರೆ.

ಆಗಸ್ಟ್ 20ರಂದು ಸ್ಯಾನ್ ಆಂಟೋನಿಯೋದ ಫೆಡರಲ್ ನ್ಯಾಯಾಧೀಶ ಫ್ರೆಡ್ ಬಿಯರಿ 11 ಸ್ಕೂಲ್ ಡಿಸ್ಟ್ರಿಕ್ಟ್‌ಗಳಲ್ಲಿ ತಡೆಯಾಜ್ಞೆ ಕೊಟ್ಟಿದ್ದಾರೆ. ಕೇಸು ಹಾಕಿದವರಲ್ಲಿ ಯಹೂದಿಗಳು, ಕ್ರೈಸ್ತರು, ಹಿಂದೂಗಳು, ಯಾವ ಧರ್ಮಕ್ಕೂ ಸೇರದವರು ಎಲ್ಲ ಇದ್ದಾರೆ. ನಿಮ್ಮ ಡಿಸ್ಟ್ರಿಕ್ಟ್ ಆ 11ರಲ್ಲಿ ಇದೆಯಾ ನೋಡಿ.

ಹಳೇಬೇರು

ನನಗೆ ಇದರಲ್ಲಿ ಅಷ್ಟು ದೊಡ್ಡ ತಪ್ಪು ಕಾಣಿಸುತ್ತಿಲ್ಲ. ಅಪ್ಪ ಅಮ್ಮನನ್ನು ಗೌರವಿಸು, ಕದಿಯಬೇಡ, ಸುಳ್ಳು ಸಾಕ್ಷಿ ಹೇಳಬೇಡ. ಇದನ್ನು ಯಾರು ಬೇಡ ಅಂತಾರೆ? ನಾನು ಮೈಸೂರಿನಲ್ಲಿ ಕಾನ್ವೆಂಟಿನಲ್ಲಿ ಓದಿದವನು. ಹತ್ತು ವರ್ಷ ಬೆಳಿಗ್ಗೆ ಯೇಸುವಿನ ಪ್ರಾರ್ಥನೆ, ಸಂಜೆ ಮನೆಯಲ್ಲಿ ಅಜ್ಜಿ ಜೊತೆ ವಿಷ್ಣು ಸಹಸ್ರನಾಮ. ನನಗೇನೂ ಆಗಲಿಲ್ಲ. ಈ ದೇಶಕ್ಕೆ ನಾವಾಗಿ ಬಂದವರು. ಇಲ್ಲಿನ ಬಹುಸಂಖ್ಯಾತರು ಆರಿಸಿ ಕಳಿಸಿದ ಶಾಸಕರು ಮಾಡಿದ ಕಾಯ್ದೆ ಇದು. ಮಗುವಿಗೆ ಮನೆಯಲ್ಲಿ ಕೂರಿಸಿ ತಿಳಿಸಿ ಹೇಳಿ, ಸಾಕು.

ತುಂಗಾತೀರ

ಎಲ್ಲರಿಗೂ ಧನ್ಯವಾದ. ನಮ್ಮ ಡಿಸ್ಟ್ರಿಕ್ಟ್ ಆ 11ರಲ್ಲಿ ಇಲ್ಲ.

ಹಳೇಬೇರು ಸರ್, ನೀವು ಹೇಳಿದ್ದನ್ನು ರಾತ್ರಿಯೆಲ್ಲ ಯೋಚನೆ ಮಾಡಿದೆ. ನಾನೂ ಶಿವಮೊಗ್ಗದಲ್ಲಿ ಕಾನ್ವೆಂಟಿನಲ್ಲೇ ಓದಿದ್ದು. ಸಿಸ್ಟರ್‌ಗಳು ಅಂದರೆ ಈಗಲೂ ನನಗೆ ಪ್ರೀತಿ. ಆದರೆ ಅಪ್ಪ ಆ ಶಾಲೆಯನ್ನು ನೋಡಿ, ಬೇಕು ಅಂತ ಆರಿಸಿ, ಫೀಸು ಕಟ್ಟಿ ಸೇರಿಸಿದ್ದರು. ಬೇಡ ಅನ್ನಿಸಿದರೆ ಬಿಡಿಸಬಹುದಿತ್ತು. ಇದು ಎಲ್ಲರ ತೆರಿಗೆಯಲ್ಲಿ ನಡೆಯುವ ಶಾಲೆ, ನಮ್ಮದೂ ಸೇರಿ. ಕದಿಯಬೇಡ ಅನ್ನೋ ಸಾಲಿಗೆ ನನ್ನ ತಕರಾರಿಲ್ಲ. ನನ್ನ ಮಗಳು ಬಾಗಿಲು ಮುಚ್ಚಿದ್ದು ಆ ಸಾಲು ಓದಿ ಅಲ್ಲ. ಇನ್ನು ಬಹುಮತದ ಮಾತು. ಈ ಮಸೂದೆಯನ್ನು ಕೆಳಮನೆಯಲ್ಲಿ ವಿರೋಧಿಸಿದ ಜೇಮ್ಸ್ ಟೆಲಾರಿಕೊ ಕ್ರೈಸ್ತ ಸೆಮಿನರಿಯಲ್ಲಿ ಓದಿದವರು. ಅವರ ಧರ್ಮದವರಿಗೇ ಇದು ಬೇಡ ಅನ್ನಿಸುವಾಗ, ಬಂದವರು ಅನ್ನೋ ಒಂದೇ ಕಾರಣಕ್ಕೆ ನಾನು ಯಾಕೆ ಬಾಯಿ ಮುಚ್ಚಿಕೊಳ್ಳಲಿ?

ಕೆಂಡಸಂಪಿಗೆ ಅಕ್ಕ, ವಕೀಲರನ್ನು ಕೇಳಿದೆವು. ಬೋರ್ಡ್ ಮೀಟಿಂಗಿನಲ್ಲಿ ಮಾತಾಡಬಹುದು, ಬರೆದುಕೊಂಡು ಹೋಗಿ ಅಷ್ಟನ್ನೇ ಓದಿ ಅಂದರು. ಯಜಮಾನರು ಈಗ ಬೇಡ ಅನ್ನುತ್ತಿಲ್ಲ, ಜೊತೆಗೆ ಬರುತ್ತಾರಂತೆ. ಸೋಮವಾರದ ಅಜೆಂಡಾದಲ್ಲಿ ವಿಷಯ ಇದೆ, ಹೆಸರು ಕೊಟ್ಟಿದ್ದೇನೆ. ಮೂರು ನಿಮಿಷ ಸಿಗುತ್ತೆ. ಬರೆದಿದ್ದನ್ನು ಅಡುಗೆಮನೆಯಲ್ಲಿ ನಿಂತು ಗಟ್ಟಿಯಾಗಿ ಓದಿದರೆ ನಾಲ್ಕೂಕಾಲು ನಿಮಿಷ ಆಗ್ತಿದೆ. ಕೋರ್ಟಿನ ವಿಷಯ ಬಿಟ್ಟು ಬಾಗಿಲಿನ ವಿಷಯ ಉಳಿಸಿಕೊಳ್ಳುತ್ತೇನೆ.

ಹತ್ತಿರದಲ್ಲಿ ಯಾರಾದರೂ ಇದ್ದರೆ ಮೆಸೇಜ್ ಮಾಡಿ, ಜಾಗ ತಿಳಿಸುತ್ತೇನೆ. ಮಾತಾಡಬೇಕಂತಿಲ್ಲ. ಹಿಂದಿನ ಸಾಲಿನಲ್ಲಿ ನಾಲ್ಕು ಜನ ನಮ್ಮವರು ಕೂತಿದ್ದರೆ ನನ್ನ ಧ್ವನಿ ಅಷ್ಟು ನಡುಗಲಿಕ್ಕಿಲ್ಲ.